ಬಿಟ್ಟುಹೋದವರ ಹೆಸರು ಮನೆ ಸಾಲದಲ್ಲಿ ಉಳಿದುಬಿಟ್ಟರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಬ್ಬರೂ ಸೇರಿ ಮನೆ ತಗೊಂಡಿರುತ್ತಾರೆ, ಇಬ್ಬರೂ ಸಾಲಕ್ಕೆ ಸಹಿ ಹಾಕಿರುತ್ತಾರೆ. ಆಮೇಲೆ ಒಬ್ಬರು ಹೊರಟುಹೋಗುತ್ತಾರೆ. ಉಳಿದವರು ತಿಂಗಳು ತಿಂಗಳು ಕಂತು ಕಟ್ಟುತ್ತಾರೆ, ಆದರೆ ಬ್ಯಾಂಕಿನಲ್ಲಿ ಏನೇ ಕೇಳಿದರೂ "ಇನ್ನೊಬ್ಬರ ಸಹಿ ತನ್ನಿ" ಅನ್ನುತ್ತಾರೆ. ಫೋನಿನಲ್ಲಿ, ಪತ್ರದಲ್ಲಿ, ಎದುರು ಕೂತು ಮಾತಾಡುವಾಗ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇಲ್ಲಿವೆ. ಕೇಳಿದವರಲ್ಲಿ ಹೆಂಗಸರೇ ಜಾಸ್ತಿ. ಗಂಡಸರೂ ಇದ್ದಾರೆ, ಮಗಳ ಪರವಾಗಿ ಕೇಳುವ ಅಪ್ಪಂದಿರೂ ಇದ್ದಾರೆ. ಮುದ್ರಾಂಕ ಶುಲ್ಕ, ಖಾತಾ, ನೋಂದಣಿಯ ಮಾತೆಲ್ಲ ಕರ್ನಾಟಕದ್ದು. ಉಳಿದ ಕಾನೂನು ಬಹುಮಟ್ಟಿಗೆ ದೇಶಕ್ಕೆಲ್ಲ ಒಂದೇ.

## ಮೊದಲು ತಿಳಿದಿರಬೇಕಾದದ್ದು

ನಮ್ಮ ಯಜಮಾನರು ಮನೆ ಬಿಟ್ಟು ಎರಡು ವರ್ಷ ಆಯ್ತು. ಸಾಲದಿಂದ ಅವರ ಹೆಸರು ತೆಗೆಸೋಕೆ ಆಗುತ್ತಾ?

ಆಗುತ್ತದೆ. ಆದರೆ ಅವರ ಹೆಸರು ಎರಡು ಕಡೆ ಇದೆ ಅನ್ನುವುದನ್ನು ಮೊದಲು ಗಮನಿಸಿ. ಒಂದು, ಕ್ರಯಪತ್ರದಲ್ಲಿ. ಅಲ್ಲಿ ಅವರು ಮನೆಯ ಪಾಲುದಾರರು. ಇನ್ನೊಂದು, ಸಾಲದ ಕರಾರಿನಲ್ಲಿ. ಅಲ್ಲಿ ಅವರು ಸಹ ಸಾಲಗಾರರು. ಒಂದು ಕಡೆ ತೆಗೆದರೆ ಇನ್ನೊಂದು ಕಡೆ ತಾನಾಗಿ ಹೋಗುವುದಿಲ್ಲ.

ಮನೆಯಲ್ಲಿ ಪಾಲಿರುವ ಎಲ್ಲರೂ ಸಾಲಕ್ಕೂ ಸಹಿ ಹಾಕಿರಬೇಕು ಅನ್ನುವುದು ಬ್ಯಾಂಕುಗಳ ಪದ್ಧತಿ. ಹಾಗಾಗಿ ಕ್ರಯಪತ್ರದ ಪಾಲು ಇತ್ಯರ್ಥವಾಗುವ ತನಕ ಬ್ಯಾಂಕು ಅವರನ್ನು ಸಾಲದಿಂದ ಬಿಡುವುದಿಲ್ಲ. ಬ್ಯಾಂಕಿಗೆ ಅಲೆದು ಸುಸ್ತಾದವರಲ್ಲಿ ಹೆಚ್ಚಿನವರು ಮನೆಯ ಪಾಲಿನ ವಿಷಯ ಹಾಗೇ ಬಿಟ್ಟು ಸಾಲದ ಬಾಗಿಲು ತಟ್ಟಿದವರು.

ಕಾಗದಪತ್ರ ಎಲ್ಲಾ ಅವರೇ ನೋಡ್ಕೊಳ್ತಿದ್ರು. ನನಗೆ ಏನೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ?

ಮೂಲ ಪತ್ರಗಳು ಬ್ಯಾಂಕಿನಲ್ಲಿರುತ್ತವೆ, ಆದರೆ ನಕಲು ಪಡೆಯಲು ಯಾರ ಸಹಿಯೂ ಬೇಕಿಲ್ಲ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಅಥವಾ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪ್ರಮಾಣಪತ್ರಕ್ಕೆ, ಅಂದರೆ ಎಲ್ಲರೂ ಇಸಿ ಅನ್ನುವ ಕಾಗದಕ್ಕೆ, ಅರ್ಜಿ ಹಾಕಿ. ಅದನ್ನು ಸಾಲು ಸಾಲಾಗಿ ಓದಿ. ಒಂದು ಸಾಲಿನಲ್ಲಿ ಬಿಲ್ಡರ್ ಅಥವಾ ಹಳೆಯ ಮಾಲೀಕರು ನಿಮ್ಮಿಬ್ಬರಿಗೆ ಮಾರಿದ ಕ್ರಯಪತ್ರ ಇರುತ್ತದೆ. ಮನೆ ಅಡಮಾನ ನೋಂದಣಿಯಾಗಿದ್ದರೆ ಇನ್ನೊಂದು ಸಾಲಿನಲ್ಲಿ ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿಟ್ಟ ದಾಖಲೆ ಇರುತ್ತದೆ. ಬ್ಯಾಂಕಿನವರು ಇದನ್ನು ಎಂಓಡಿಟಿ ಅನ್ನುತ್ತಾರೆ. ನಿಮಗೆ ಗೊತ್ತಿಲ್ಲದ ಮೂರನೇ ಸಾಲು ಏನಾದರೂ ಕಂಡರೆ ಅದೇ ದಿನ ವಕೀಲರಿಗೆ ತೋರಿಸಿ.

ಆಮೇಲೆ ಬ್ಯಾಂಕಿಗೆ ಹೋಗಿ. ಸಹ ಸಾಲಗಾರರಾಗಿ ಸಾಲದ ಕರಾರಿನ ನಕಲು, ಶುರುವಿನಿಂದ ಇಲ್ಲಿಯವರೆಗಿನ ಲೆಕ್ಕ, ಬ್ಯಾಂಕಿನಲ್ಲಿರುವ ಪತ್ರಗಳ ಪಟ್ಟಿ, ಈ ಮೂರನ್ನೂ ಬರವಣಿಗೆಯಲ್ಲಿ ಕೇಳಿ. ನಿಮ್ಮ ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಬಿಟ್ಟು ಹೋದವನು ಅವನು. ಪೂರ್ತಿ ಕಂತು ನಾನ್ಯಾಕೆ ಕಟ್ಟಬೇಕು? ಅರ್ಧ ಕಟ್ಟಿದ್ರೆ ಸಾಲ್ದಾ?

ಸಾಲದು. ಭಾರತೀಯ ಕರಾರು ಕಾಯ್ದೆ, 1872ರ 43ನೇ ಕಲಂ ಪ್ರಕಾರ ಇಬ್ಬರು ಸೇರಿ ಕೊಟ್ಟ ಮಾತನ್ನು ಪೂರ್ತಿಯಾಗಿ ನಡೆಸಿಕೊಡಿ ಅಂತ ಯಾರೊಬ್ಬರನ್ನಾದರೂ ಹಿಡಿದು ಕೇಳಬಹುದು. ಬ್ಯಾಂಕು ಕೈಗೆ ಸಿಗುವವರನ್ನೇ ಹಿಡಿಯುತ್ತದೆ. ಇದು ಅನ್ಯಾಯ ಅನ್ನಿಸುತ್ತದೆ, ನಿಜ. ಆದರೆ ಅದೇ ಕಲಂ ನಿಮಗೂ ಒಂದು ಹಕ್ಕು ಕೊಡುತ್ತದೆ. ಕರಾರಿನಲ್ಲಿ ಬೇರೆ ಹೇಳಿಲ್ಲದಿದ್ದರೆ, ಅವರ ಪಾಲಿನದನ್ನೂ ನೀವು ಕಟ್ಟಿದಾಗ ಅಷ್ಟನ್ನು ಅವರಿಂದ ವಸೂಲಿ ಮಾಡಬಹುದು. ಕಟ್ಟಿದ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು. ಅದಕ್ಕೇ ಕಂತನ್ನು ನಗದಾಗಿ ಕಟ್ಟಬೇಡಿ. ನಿಮ್ಮೊಬ್ಬರ ಹೆಸರಿನ ಖಾತೆಯಿಂದಲೇ ಹೋಗಲಿ. ಈಗ ಅವರ ಖಾತೆಯಿಂದ ಅಥವಾ ಜಂಟಿ ಖಾತೆಯಿಂದ ಕಟ್ ಆಗುತ್ತಿದ್ದರೆ, ಅದನ್ನು ನಿಮ್ಮ ಖಾತೆಗೆ ಬದಲಿಸಲು ಬ್ಯಾಂಕಿಗೆ ಬರೆದುಕೊಡಿ.

ಸಿಟ್ಟು ಬಂದು ಕಂತು ನಿಲ್ಲಿಸಿಬಿಟ್ರೆ ಏನಾಗುತ್ತೆ? ಅವನ ಸಿಬಿಲ್ಲೂ ಹಾಳಾಗ್ಲಿ ಅಲ್ವಾ?

ಸಿಬಿಲ್, ಅಂದರೆ ಸಾಲ ತೀರಿಸಿದ ದಾಖಲೆಯ ಅಂಕ, ಇಬ್ಬರದೂ ಹಾಳಾಗುತ್ತದೆ, ಆದರೆ ಮುಂದೆ ಸಾಲ ಬೇಕಾಗುವುದು ನಿಮಗೆ. ಸಾಲವನ್ನು ಒಬ್ಬರ ಹೆಸರಿಗೆ ಮಾಡಿಸಿಕೊಳ್ಳಲು ಹೋದಾಗ ಬ್ಯಾಂಕು ಮೊದಲು ನೋಡುವುದೇ ನಿಮ್ಮ ಕಂತಿನ ಚರಿತ್ರೆ. ಕಂತು 90 ದಿನಕ್ಕಿಂತ ಹೆಚ್ಚು ಬಾಕಿಯಾದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಆಮೇಲೆ ಬ್ಯಾಂಕುಗಳ ಸಾಲ ವಸೂಲಿಗೆ ಇರುವ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್ ಬರುತ್ತದೆ. ಅದಕ್ಕೂ ಕಟ್ಟದಿದ್ದರೆ ಬ್ಯಾಂಕು ಮನೆಯನ್ನು ಸ್ವಾಧೀನಕ್ಕೆ ತಗೊಳ್ಳಬಹುದು. ಕಂತು ಕಟ್ಟುವುದು ನಿಜವಾಗಿಯೂ ಕಷ್ಟವಾಗಿದ್ದರೆ ಬಾಕಿ ಬೀಳುವ ಮೊದಲೇ ಹೋಗಿ ಅವಧಿ ಹೆಚ್ಚಿಸಿ ಕಂತು ಕಡಿಮೆ ಮಾಡಲು ಕೇಳಿ. ಬಾಕಿ ಬಿದ್ದ ಮೇಲೆ ಬ್ಯಾಂಕಿನವರು ಮಾತಾಡುವ ಧಾಟಿಯೇ ಬೇರೆಯಾಗುತ್ತದೆ.

ಡೈವೋರ್ಸ್ ಆರ್ಡರ್‌ನಲ್ಲೇ ಸಾಲ ಅವರೇ ತೀರಿಸಬೇಕು ಅಂತ ಬರೆದಿದೆ. ಆದ್ರೂ ಬ್ಯಾಂಕಿನವರು ನನಗೇ ಫೋನ್ ಮಾಡ್ತಾರೆ!

ಆ ಆದೇಶ ನಿಮ್ಮಿಬ್ಬರ ನಡುವಿನದು. ಬ್ಯಾಂಕು ಆ ಕೇಸಿನಲ್ಲಿ ಪಕ್ಷಗಾರ ಆಗಿರಲಿಲ್ಲ, ಹಾಗಾಗಿ ಆ ಆದೇಶ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ನೀವು ಬ್ಯಾಂಕಿಗೆ ಕಟ್ಟಬೇಕಾಗುತ್ತದೆ. ಆದೇಶ ಮೀರಿದ್ದಕ್ಕೆ ಅದೇ ಕೋರ್ಟಿನಲ್ಲಿ ಅಮಲ್ಜಾರಿ ಅರ್ಜಿ, ಅಂದರೆ ಆದೇಶವನ್ನು ಜಾರಿ ಮಾಡಿಸಿ ಅನ್ನುವ ಅರ್ಜಿ, ಹಾಕಿ ಅವರಿಂದ ವಸೂಲು ಮಾಡಬೇಕಾಗುತ್ತದೆ.

## ಅವರು ಸಿಗುತ್ತಾರೆ, ಸಹಿಗೂ ಒಪ್ಪುತ್ತಾರೆ ಅನ್ನುವಾಗ

ಸಹಿ ಹಾಕ್ತೀನಿ ಅಂತಿದ್ದಾರೆ. ಮೊದಲು ಬ್ಯಾಂಕಿಗೋ, ರಿಜಿಸ್ಟ್ರಾರ್ ಆಫೀಸಿಗೋ?

ಮೊದಲು ಬ್ಯಾಂಕಿಗೆ. ನಿಮ್ಮ ಒಬ್ಬರ ಆದಾಯದ ಮೇಲೆ ಉಳಿದ ಸಾಲ ಮುಂದುವರಿಸಲು ಒಪ್ಪುತ್ತಾರಾ ಅಂತ ಬರವಣಿಗೆಯಲ್ಲಿ ಕೇಳಿ. ಹೊಸದಾಗಿ ಸಾಲ ಕೊಡುವಾಗ ನೋಡುವ ಹಾಗೆಯೇ ಸಂಬಳ ಚೀಟಿ, ತೆರಿಗೆ ರಿಟರ್ನ್, ಸಿಬಿಲ್ ಎಲ್ಲವನ್ನೂ ನೋಡುತ್ತಾರೆ. ಒಪ್ಪಿದರೆ ನಿರಾಕ್ಷೇಪಣಾ ಪತ್ರ ಕೊಡುತ್ತಾರೆ. ಅದು ಕೈಗೆ ಬಂದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ರಿಲೀಸ್ ಡೀಡ್, ಅಂದರೆ ಹಕ್ಕು ಬಿಡುಗಡೆ ಪತ್ರ, ನೋಂದಣಿ. ಅಡಮಾನ ಇರುವಾಗ ಬ್ಯಾಂಕಿಗೆ ಹೇಳದೆ ಪಾಲು ಬದಲಿಸುವುದು ಸಾಲದ ಕರಾರಿಗೆ ವಿರುದ್ಧ. ಕೊನೆಗೆ ಮತ್ತೆ ಬ್ಯಾಂಕಿಗೆ ಹೋಗಿ ನಿಮ್ಮೊಬ್ಬರ ಹೆಸರಿನಲ್ಲಿ ಹೊಸ ಕರಾರು, ಹೊಸ ಅಡಮಾನ ದಾಖಲೆ ಮಾಡಿಸಿ.

ಬೆಂಗಳೂರಿನಲ್ಲಿ 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತಾ ಬೇಕು. ಅದಕ್ಕೆ ಮಾಲೀಕರ ಆಧಾರ್ ಕೇಳುತ್ತಾರೆ. ಅವರು ಮಾತಿಗೆ ಸಿಗುತ್ತಿರುವಾಗಲೇ ಈ ಕೆಲಸ ಮುಗಿಸಿಟ್ಟುಕೊಳ್ಳಿ. ಒಪ್ಪಿಗೆ ಎಷ್ಟು ದಿನ ಇರುತ್ತದೋ ಹೇಳಲಾಗದು.

ರಿಲೀಸ್ ಡೀಡ್ ಡೈವೋರ್ಸ್‌ಗಿಂತ ಮೊದಲು ಮಾಡಿಸ್ಬೇಕಾ, ಆಮೇಲಾ?

ಬಹುತೇಕ ಮಂದಿಗೆ ಮೊದಲೇ ಲಾಭ. ಕರ್ನಾಟಕದಲ್ಲಿ ಗಂಡ ಹೆಂಡತಿಯಂಥ ಕುಟುಂಬದವರ ನಡುವಿನ ಹಕ್ಕು ಬಿಡುಗಡೆಗೆ ನಿಗದಿಯಾದ ಸಣ್ಣ ಮೊತ್ತದ ಮುದ್ರಾಂಕ ಶುಲ್ಕ ಇದೆ. ಹೊರಗಿನವರ ನಡುವೆ ಆದರೆ ಆಸ್ತಿಯ ಬೆಲೆಯ ಮೇಲೆ ಶೇಕಡಾ ಲೆಕ್ಕ. ಡೈವೋರ್ಸ್ ಆದ ಮೇಲೆ ಅವರು ನಿಮ್ಮ ಗಂಡ ಅಲ್ಲ, ಹಾಗಾಗಿ ಎರಡನೇ ಲೆಕ್ಕಕ್ಕೆ ಬೀಳುವ ಅಪಾಯ ಇದೆ. ಆದಾಯ ತೆರಿಗೆಯಲ್ಲೂ ಹಾಗೇ. ಗಂಡನಿಂದ ಹೆಂಡತಿಗೆ ಉಚಿತವಾಗಿ ಬಂದ ಆಸ್ತಿಗೆ ತೆರಿಗೆ ಇಲ್ಲ. ಆದರೆ ಮಾಜಿ ಗಂಡ "ಸಂಬಂಧಿ" ಅನ್ನುವ ಪಟ್ಟಿಯಲ್ಲಿ ಬರುವುದಿಲ್ಲ.

ಪರಸ್ಪರ ಒಪ್ಪಿಗೆಯ ಡೈವೋರ್ಸ್ ಹಾಕುತ್ತಿದ್ದರೆ ಮನೆಯ ಪೂರ್ತಿ ವಿವರವನ್ನು, ಚೆಕ್ಕುಬಂದಿ ಸಮೇತ, ಅರ್ಜಿಯ ಷೆಡ್ಯೂಲಿನಲ್ಲೇ ಸೇರಿಸಿ. ಕೇಸಿನ ವಿಷಯವಾಗಿರುವ ಆಸ್ತಿಯ ಬಗ್ಗೆ ಆಗುವ ರಾಜಿ ಡಿಕ್ರಿಗೂ (ಅಂದರೆ ರಾಜಿಯ ಮೇಲೆ ಕೋರ್ಟು ಕೊಡುವ ತೀರ್ಪಿಗೂ), ಕೇಸಿನ ಹೊರಗಿನ ಆಸ್ತಿಯನ್ನು ಸೇರಿಸಿಕೊಂಡ ರಾಜಿ ಡಿಕ್ರಿಗೂ ನೋಂದಣಿ ಕಾಯ್ದೆಯ 17ನೇ ಕಲಂ ವ್ಯತ್ಯಾಸ ಮಾಡುತ್ತದೆ. ಎರಡನೆಯದಕ್ಕೆ ನೋಂದಣಿ ಬೇಕು. ಈ ಒಂದು ಪುಟ ಬಿಟ್ಟುಹೋಗಿ ವರ್ಷಗಟ್ಟಲೆ ಒದ್ದಾಡುವವರಿದ್ದಾರೆ.

ಅವರು ಅಮೆರಿಕದಲ್ಲಿದ್ದಾರೆ. ಸಹಿಗೋಸ್ಕರ ಬರೋಕಾಗಲ್ಲ ಅಂತಾರೆ.

ಬರಬೇಕಾಗಿಲ್ಲ. ಅಲ್ಲಿಂದ ಇಲ್ಲಿಯ ನಂಬಿಕಸ್ಥರಿಗೆ ಈ ಕೆಲಸಕ್ಕೆ ಮಾತ್ರ ಸೀಮಿತವಾದ ಅಧಿಕಾರ ಪತ್ರ ಕೊಟ್ಟರೆ ಸಾಕು. ಆಸ್ತಿಯ ವಿವರ, ರಿಲೀಸ್ ಡೀಡಿಗೆ ಸಹಿ ಮತ್ತು ಹಾಜರಿ, ಬ್ಯಾಂಕಿನ ಕಾಗದಗಳಿಗೆ ಸಹಿ, ಇಷ್ಟೂ ಅದರಲ್ಲಿ ಸ್ಪಷ್ಟವಾಗಿರಲಿ. ಭಾರತದ ದೂತಾವಾಸದಲ್ಲಿ ದೃಢೀಕರಿಸಬೇಕು. ಪತ್ರ ಇಲ್ಲಿಗೆ ಬಂದ 3 ತಿಂಗಳೊಳಗೆ ಇಲ್ಲಿಯ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಕರಡನ್ನು ಮೊದಲು ಬ್ಯಾಂಕಿಗೂ ತೋರಿಸಿ. ಒಂದು ವಾಕ್ಯ ಕಡಿಮೆ ಇದ್ದರೂ ವಾಪಸ್ ಕಳಿಸುತ್ತಾರೆ.

ನನ್ನ ಸಂಬಳ ಸಾಕಾಗಲ್ಲ ಅಂದ್ರು. ಏನು ಮಾಡ್ಲಿ?

ಅವರ ಜಾಗಕ್ಕೆ ಬೇರೆ ಸಹ ಸಾಲಗಾರರನ್ನು ಕೊಡಬಹುದಾ ಕೇಳಿ. ಅಪ್ಪ, ಅಣ್ಣ ತಮ್ಮ, ದುಡಿಯುವ ಮಗ ಅಥವಾ ಮಗಳು ಆಗಬಹುದು. ಪಾಲುದಾರರು ಸಾಲಗಾರರಾಗಬೇಕು ಅಂತ ಬ್ಯಾಂಕು ಹೇಳುತ್ತದೆಯೇ ಹೊರತು ಸಾಲಗಾರರಿಗೆಲ್ಲ ಮನೆಯಲ್ಲಿ ಪಾಲು ಇರಲೇಬೇಕು ಅಂತಿಲ್ಲ. ಆದರೆ ಸಹಿ ಹಾಕುವ ತಮ್ಮನಿಗೆ ಅವನೂ ಪೂರ್ತಿ ಸಾಲಕ್ಕೆ ಹೊಣೆ ಅನ್ನುವುದನ್ನು ಬಿಡಿಸಿ ಹೇಳಿ. ಇಲ್ಲವಾದರೆ ಒಡವೆ, ಪಿಎಫ್ ಹಣದಿಂದ ಅಸಲು ಇಳಿಸಿ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ಕಟ್ಟಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ 2012ರ ನಿಯಮ.

## ಸಿಗುವುದಿಲ್ಲ, ಅಥವಾ ಸಿಕ್ಕರೂ ಒಪ್ಪುವುದಿಲ್ಲ ಅನ್ನುವಾಗ

ಫೋನ್ ಇಲ್ಲ, ವಿಳಾಸ ಇಲ್ಲ. ಇಲ್ಲದ ಮನುಷ್ಯನ ಮೇಲೆ ಕೇಸ್ ಹೇಗೆ ಹಾಕೋದು?

ಹಾಕಬಹುದು. ಗೊತ್ತಿರುವ ಕೊನೆಯ ವಿಳಾಸ ಕೊಡಬೇಕು. ಸಮನ್ಸ್ ಜಾರಿಯಾಗದೆ ವಾಪಸ್ ಬಂದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 20ನೇ ನಿಯಮದಡಿ ಪತ್ರಿಕೆಯಲ್ಲಿ ನೋಟಿಸ್ ಹಾಕಿಸಲು ಕೋರ್ಟನ್ನು ಕೇಳಬಹುದು. ದಿನಪತ್ರಿಕೆಗಳ ಒಳಪುಟದಲ್ಲಿ ಚಿಕ್ಕ ಚೌಕದಲ್ಲಿ ಬರುತ್ತದಲ್ಲ, "ಪ್ರತಿವಾದಿಗೆ ಈ ಮೂಲಕ ತಿಳಿಸುವುದೇನೆಂದರೆ" ಅಂತ, ಅದೇ. ಅದಾದ ಮೇಲೂ ಬರದಿದ್ದರೆ ಕೋರ್ಟು ಅವರ ಗೈರುಹಾಜರಿಯಲ್ಲೇ ಕೇಸ್ ಮುಂದುವರಿಸುತ್ತದೆ.

ಒಂದು ಎಚ್ಚರಿಕೆ. ಅವರ ಅಮ್ಮನ ಮನೆಯ ವಿಳಾಸ, ಹೊಸ ಕಂಪನಿಯ ಹೆಸರು, ಇಮೇಲ್, ಗೊತ್ತಿದ್ದದ್ದನ್ನೆಲ್ಲ ಕೋರ್ಟಿಗೆ ಕೊಡಿ. ಬೇಗ ಮುಗಿಯಲಿ ಅಂತ ವಿಳಾಸ ಮುಚ್ಚಿಟ್ಟರೆ, ನನಗೆ ಸಮನ್ಸೇ ಮುಟ್ಟಿಲ್ಲ ಅಂತ ಅವರು ಬಂದು ಡಿಕ್ರಿ ರದ್ದು ಮಾಡಿಸಬಹುದು. ವಿಷಯ ತಿಳಿದ ದಿನದಿಂದ 30 ದಿನ ಅವರಿಗೆ ಅವಕಾಶ ಇರುತ್ತದೆ.

ಇನ್ನು, ಕೋರ್ಟಿನಲ್ಲಿ ಏನು ಕೇಳಬೇಕು? "ಹೆಸರು ತೆಗೆಯಿರಿ" ಅಂತ ಸುಮ್ನೆ ಕೇಳಲಾಗದು. ಅವರ ಪಾಲು ಅವರದೇ, ಬಿಟ್ಟುಹೋದ ಮಾತ್ರಕ್ಕೆ ಕಳೆದುಹೋಗುವುದಿಲ್ಲ. ಎರಡು ದಾರಿಗಳಿವೆ. ಮೊದಲನೆಯದು, ಡೈವೋರ್ಸ್ ಕೇಸಿನ ಜೊತೆಗೇ ಜೀವನಾಂಶದ ಲೆಕ್ಕದಲ್ಲಿ ಅವರ ಪಾಲನ್ನು ಕೇಳುವುದು. ಎರಡು ವರ್ಷ ಬಿಟ್ಟುಹೋಗಿರುವುದು ಹಿಂದೂ ವಿವಾಹ ಕಾಯ್ದೆಯಲ್ಲಿ ಡೈವೋರ್ಸ್‌ಗೆ ಒಂದು ಕಾರಣ. ಅದೇ ಕಾಯ್ದೆಯ 25ನೇ ಕಲಂ ಜೀವನಾಂಶದ ಹೊಣೆಯನ್ನು ಅವರ ಸ್ಥಿರಾಸ್ತಿಯ ಮೇಲೆ ಹಾಕಲು ಕೋರ್ಟಿಗೆ ಅಧಿಕಾರ ಕೊಡುತ್ತದೆ. ಗಂಡ ಹೆಂಡತಿಯ ನಡುವಿನ ಆಸ್ತಿ ವ್ಯಾಜ್ಯ ಕುಟುಂಬ ನ್ಯಾಯಾಲಯದಲ್ಲೇ ನಡೆಯುತ್ತದೆ.

ಎರಡನೆಯದು ವಿಭಾಗದ ದಾವೆ, ಅಂದರೆ ಆಸ್ತಿಯ ಪಾಲು ಬೇರೆ ಮಾಡಿಕೊಡಿ ಅನ್ನುವ ಕೇಸ್. ಎರಡು ಬೆಡ್‌ರೂಮಿನ ಫ್ಲ್ಯಾಟನ್ನು ಗೋಡೆ ಹಾಕಿ ಹಂಚಲಾಗದು. ಇಂಥ ಕಡೆ 1893ರ ವಿಭಾಗ ಕಾಯ್ದೆ ಮಾರಿ ಹಣ ಹಂಚಲು ಹೇಳುತ್ತದೆ. ಒಬ್ಬರು ಮಾರಾಟ ಕೇಳಿದಾಗ ಇನ್ನೊಬ್ಬರು ಬೆಲೆ ಕಟ್ಟಿಸಿ ಅವರ ಪಾಲನ್ನು ಕೊಳ್ಳಲೂ ಅದರಲ್ಲಿ ದಾರಿ ಇದೆ. ನಿಮಗೆ ಮನೆ ಬೇಕಿದ್ದರೆ ಮಾರಾಟವನ್ನು ನೀವಾಗಿ ಕೇಳಬೇಡಿ. ಅವರ ಪಾಲಿನ ಬೆಲೆ ಕೋರ್ಟಿಗೆ ಕಟ್ಟುತ್ತೇನೆ, ಮನೆ ನನಗೆ ಬಿಡಿ ಅಂತ ಕೇಳಿ. ಬ್ಯಾಂಕನ್ನೂ ಪ್ರತಿವಾದಿ ಮಾಡಿ. ಆಗ ಡಿಕ್ರಿ ಬಂದ ಮೇಲೆ "ನಮಗೆ ಗೊತ್ತೇ ಇಲ್ಲ" ಅನ್ನಲು ಅವರಿಗೆ ಆಗದು. ಅಂತಿಮ ಡಿಕ್ರಿಯನ್ನು ಸ್ಟಾಂಪ್ ಪೇಪರಿನ ಮೇಲೆ ಬರೆಸಿದ ಮೇಲೆಯೇ ಕೆಲಸ ಪೂರ್ತಿ. ವರ್ಷಗಳೇ ಹಿಡಿಯುತ್ತವೆ, ಸುಳ್ಳು ಹೇಳುವುದಿಲ್ಲ. ಅದಕ್ಕೇ ಬೇಗ ಶುರು ಮಾಡಿ ಅನ್ನುವುದು.

ರಾಜಿಯಲ್ಲಿ ರಿಲೀಸ್ ಡೀಡ್ ಕೊಡ್ತೀನಿ ಅಂತ ಒಪ್ಪಿ, ಡೈವೋರ್ಸ್ ಸಿಕ್ಕ ತಕ್ಷಣ ನಾಪತ್ತೆ ಆದ್ರು.

ಹಾಗಾದರೆ ನಿಮ್ಮ ದಾರಿ ಹತ್ತಿರದ್ದು. ಹೊಸ ಕೇಸ್ ಬೇಡ. ಇದ್ದ ಡಿಕ್ರಿಯ ಮೇಲೆ ಅಮಲ್ಜಾರಿ ಅರ್ಜಿ ಹಾಕಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 34ನೇ ನಿಯಮ ಇದಕ್ಕೇ ಇರುವುದು. ಪತ್ರ ಮಾಡಿಕೊಡಬೇಕಾದವರು ಮಾಡಿಕೊಡದಿದ್ದರೆ, ನೀವು ಕರಡು ಕೊಡಬೇಕು. ಅವರಿಗೆ ನೋಟಿಸ್ ಹೋಗುತ್ತದೆ. ಅವರು ಬರದಿದ್ದರೆ ನ್ಯಾಯಾಧೀಶರು ಅಥವಾ ಅವರು ನೇಮಿಸಿದ ಅಧಿಕಾರಿ ಅವರ ಪರವಾಗಿ ಸಹಿ ಹಾಕುತ್ತಾರೆ. ಆ ಸಹಿಗೆ ಅವರೇ ಹಾಕಿದಷ್ಟೇ ಬೆಲೆ.

ಅವನು ತನ್ನ ಅರ್ಧ ಭಾಗ ಯಾರಿಗೋ ಮಾರಿ, ನನ್ನನ್ನು ಹೊರಗೆ ಹಾಕಿಸಿದರೆ?

ಮೂಲ ಪತ್ರಗಳು ಬ್ಯಾಂಕಿನಲ್ಲಿರುವಾಗ ಕೊಳ್ಳಲು ಬರುವವರು ಕಡಿಮೆ. ಆದರೂ ಅದನ್ನೇ ನಂಬಿಕೊಂಡು ಕೂರಬೇಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 17ನೇ ಕಲಂ ಹೆಂಡತಿಗೆ ಆ ಮನೆಯಲ್ಲಿರುವ ಹಕ್ಕು ಕೊಡುತ್ತದೆ. 19ನೇ ಕಲಂ ಅಡಿಯಲ್ಲಿ ಮನೆ ಮಾರಬಾರದು, ಅದರ ಮೇಲೆ ಸಾಲ ಎತ್ತಬಾರದು ಅಂತ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ತುರ್ತು ಇದ್ದರೆ ಅವರು ಬರುವ ಮೊದಲೇ ಮಧ್ಯಂತರ ಆದೇಶವೂ ಸಿಗುತ್ತದೆ. ಈ ಕಾಯ್ದೆ ಹೊಡೆತ ಬಡಿತಕ್ಕೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಮನೆ ಖರ್ಚಿಗೆ ಹಣ ನಿಲ್ಲಿಸುವುದು, ಆಸ್ತಿ ಕೈ ತಪ್ಪಿಸುವುದೂ ಇದರಲ್ಲಿ ಆರ್ಥಿಕ ದೌರ್ಜನ್ಯ. ವಿಭಾಗದ ದಾವೆ ನಡೆಯುತ್ತಿರುವಾಗ ಅವರು ಮಾರಿದರೂ ಕೊಂಡವರು ಕೋರ್ಟಿನ ತೀರ್ಪಿಗೆ ಬದ್ಧರು.

ಕಂತೆಲ್ಲ ನಾನೇ ಕಟ್ಟಿದ್ದೀನಿ. ಆದ್ರೂ ಅರ್ಧ ಅವರಿಗೆ ಕೊಡ್ಬೇಕಾ?

ಕ್ರಯಪತ್ರದಲ್ಲಿ ಪಾಲು ಇಷ್ಟಿಷ್ಟು ಅಂತ ಬರೆದಿದ್ದರೆ ಅದೇ ಲೆಕ್ಕ. ಬರೆದಿಲ್ಲದಿದ್ದರೆ, ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಂ ಪ್ರಕಾರ ಕೊಳ್ಳುವಾಗ ಯಾರು ಎಷ್ಟು ಹಣ ಹಾಕಿದರೋ ಅಷ್ಟು ಪಾಲು. ಅದಕ್ಕೂ ಸಾಕ್ಷಿ ಇಲ್ಲದಿದ್ದರೆ ಸಮಪಾಲು ಅಂತ ಊಹಿಸಲಾಗುತ್ತದೆ. ಮುಂಗಡ ಹಣ ನಿಮ್ಮ ತವರಿಂದ ಬಂದಿದ್ದರೆ ಆ ಬ್ಯಾಂಕ್ ದಾಖಲೆ ಬಂಗಾರಕ್ಕಿಂತ ಹೆಚ್ಚು. ಹುಡುಕಿಟ್ಟುಕೊಳ್ಳಿ.

ಮಾತುಕತೆಗೆ ಕೂರುವ ಮೊದಲು ಒಂದು ಲೆಕ್ಕ ಮಾಡಿ. ಮನೆಯ ಬೆಲೆ 80 ಲಕ್ಷ, ಸಾಲದ ಬಾಕಿ 50 ಲಕ್ಷ ಅಂದುಕೊಳ್ಳಿ. ಉಳಿಯುವುದು 30 ಲಕ್ಷ. ಸಮಪಾಲಾದರೆ ಅವರದು 15. ಅವರು ಹೋದ ಮೇಲೆ ನೀವೊಬ್ಬರೇ 6 ಲಕ್ಷ ಕಂತು ಕಟ್ಟಿದ್ದರೆ ಅದರಲ್ಲಿ ಅವರು ಕೊಡಬೇಕಾದದ್ದು 3. ಕೊನೆಗೆ ನೀವು ಕೊಡಬೇಕಾದದ್ದು 12 ಲಕ್ಷ. ನೀವೊಬ್ಬರೇ ಮನೆ ಬಳಸಿದ್ದೀರಿ, ಬಾಡಿಗೆ ಕಳೆಯಿರಿ ಅಂತ ಆ ಕಡೆಯ ವಕೀಲರು ವಾದಿಸಬಹುದು. ಅದಕ್ಕೆ ಉತ್ತರವಾಗಿ ಮಕ್ಕಳ ಖರ್ಚು, ತೆರಿಗೆ, ರಿಪೇರಿಯ ರಸೀದಿ ನಿಮ್ಮ ಹತ್ತಿರ ಇರಲಿ.

ಹನ್ನೆರಡು ವರ್ಷ ಒಬ್ಬಳೇ ಇದ್ರೆ ಮನೆ ನಂದೇ ಆಗುತ್ತೆ ಅಂತ ಪಕ್ಕದ ಮನೆಯವರು ಹೇಳಿದ್ರು. ನಿಜಾನಾ?

ಇಲ್ಲ. ಪಾಲುದಾರರಲ್ಲಿ ಒಬ್ಬರು ಮನೆಯಲ್ಲಿದ್ದರೆ ಎಲ್ಲರ ಪರವಾಗಿ ಇದ್ದಾರೆ ಅಂತಲೇ ಕಾನೂನು ನೋಡುತ್ತದೆ. ಅವರ ಹಕ್ಕನ್ನು ಬಹಿರಂಗವಾಗಿ ನಿರಾಕರಿಸಿ, ಅವರಿಗೆ ಗೊತ್ತಾಗುವಂತೆ ಹೊರಗಿಟ್ಟಿದ್ದರೆ ಮಾತ್ರ ಆ ವಾದ. ಅದು ಗೆಲ್ಲುವುದು ಬಹಳ ಕಷ್ಟ.

ಏಳು ವರ್ಷದಿಂದ ಸುದ್ದಿಯೇ ಇಲ್ಲ. ಬದುಕಿದ್ದಾರೋ ಇಲ್ವೋ ಗೊತ್ತಿಲ್ಲ.

ಇದು ಬೇರೆಯೇ ಪ್ರಕರಣ. ಸುದ್ದಿ ತಿಳಿಯಬೇಕಾದವರಿಗೆ 7 ವರ್ಷ ಏನೂ ತಿಳಿಯದಿದ್ದರೆ, ಬದುಕಿದ್ದಾರೆ ಅನ್ನುವವರೇ ಅದನ್ನು ಸಾಬೀತು ಮಾಡಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 108ನೇ ಕಲಂ ಇದನ್ನು ಹೇಳುತ್ತಿತ್ತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಂ ಇದೆ. ಕಾಣೆಯಾದಾಗ ಕೊಟ್ಟ ಪೊಲೀಸ್ ದೂರು ಮತ್ತು ಪತ್ತೆಯಾಗಿಲ್ಲ ಅನ್ನುವ ಹಿಂಬರಹ ಇಲ್ಲಿ ಮುಖ್ಯ ದಾಖಲೆ. ದೂರು ಇನ್ನೂ ಕೊಟ್ಟಿಲ್ಲ ಅಂದರೆ ಇವತ್ತೇ ಕೊಡಿ. ಸಿವಿಲ್ ಕೋರ್ಟಿನಿಂದ ಘೋಷಣೆ ಪಡೆದು ಮರಣ ಪ್ರಮಾಣಪತ್ರ ಮಾಡಿಸಬೇಕು.

ಇಲ್ಲಿ ತುಂಬಾ ಜನ ಎಡವುವ ಜಾಗ ಒಂದಿದೆ. ಅವರ ಪಾಲು ಪೂರ್ತಿ ನಿಮಗೇ ಬರುವುದಿಲ್ಲ. ಉಯಿಲು ಇಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಕ್ಕಳು, ಅವರ ತಾಯಿ ಇವರೆಲ್ಲರಿಗೂ ಸಮಪಾಲು. ಅತ್ತೆಯವರ ರಿಲೀಸ್ ಡೀಡ್ ಬೇಕಾಗುತ್ತದೆ, ಆ ಸಂಬಂಧವನ್ನು ಕೆಡಿಸಿಕೊಳ್ಳಬೇಡಿ. ಮಕ್ಕಳು ಚಿಕ್ಕವರಿದ್ದರೆ ಅವರ ಪಾಲನ್ನು ಮಾರಲು, ಅಡ ಇಡಲು ಕೋರ್ಟಿನ ಅನುಮತಿ ಬೇಕು. ಸಾಲದ ಜೊತೆ ವಿಮೆ ಮಾಡಿಸಿದ್ದರಾ ಅಂತಲೂ ನೋಡಿ. ಇದ್ದರೆ ಬಾಕಿ ಸಾಲ ಅದರಿಂದಲೇ ತೀರಬಹುದು. ಕಂತು ತಪ್ಪದೆ, ವಿಮೆ ನಿಲ್ಲದ ಹಾಗೆ ನೋಡಿಕೊಳ್ಳಲು ಇದೂ ಒಂದು ಕಾರಣ.

ಪೂರ್ತಿ ಸಾಲ ನಾನೇ ಕಟ್ಟಿ ಮುಗಿಸಿದ್ರೆ ಪತ್ರ ನನ್ನ ಕೈಗೆ ಕೊಡ್ತಾರಾ?

ಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಅನ್ನುವ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಆದರೆ ಪತ್ರ ಇಟ್ಟವರು ಇಬ್ಬರು. ಇಬ್ಬರೂ ಬನ್ನಿ, ಇಲ್ಲವೇ ಇನ್ನೊಬ್ಬರ ಒಪ್ಪಿಗೆ ಪತ್ರ ತನ್ನಿ ಅಂತ ಬ್ಯಾಂಕು ಕೇಳುತ್ತದೆ. ಕೊನೆಯ ಕಂತು ಕಟ್ಟುವ ಮೊದಲೇ ಯಾವ ದಾಖಲೆ ಕೊಟ್ಟರೆ ಪತ್ರ ಕೊಡುತ್ತೀರಿ ಅಂತ ಬರೆದು ಕೇಳಿ, ಬರವಣಿಗೆಯಲ್ಲೇ ಉತ್ತರ ತಗೊಳ್ಳಿ. ಸಾಲ ತೀರಿದರೂ ಮನೆಯಲ್ಲಿ ಅವರ ಪಾಲು ಹಾಗೇ ಉಳಿಯುತ್ತದೆ ಅನ್ನುವುದು ನೆನಪಿರಲಿ.

## ಇನ್ನೂ ಕೆಲವು

ನಾವು ಮದುವೆ ಆಗಿರ್ಲಿಲ್ಲ. ಸೇರಿ ಫ್ಲ್ಯಾಟ್ ತಗೊಂಡಿದ್ವಿ. ನಮಗೂ ಇದೇ ಕಾನೂನಾ?

ಬ್ಯಾಂಕಿನ ಮಟ್ಟಿಗೆ ಒಂದೇ. ಆದರೆ ವಿಭಾಗದ ದಾವೆ ಕುಟುಂಬ ನ್ಯಾಯಾಲಯದಲ್ಲಲ್ಲ, ಸಿವಿಲ್ ಕೋರ್ಟಿನಲ್ಲಿ. ಮುದ್ರಾಂಕ ಶುಲ್ಕಕ್ಕೆ ಕುಟುಂಬದ ರಿಯಾಯಿತಿ ಇಲ್ಲ. ಮದುವೆಯಂತೆಯೇ ಒಟ್ಟಿಗೆ ಬಾಳಿದ್ದರೆ ಹೆಣ್ಣುಮಕ್ಕಳಿಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ರಕ್ಷಣೆ ಸಿಗುತ್ತದೆ.

ಅಮೆರಿಕದ ಕೋರ್ಟು ಬೆಂಗಳೂರಿನ ಮನೆ ನನಗೇ ಅಂತ ಬರೆದಿದೆ. ಸಾಕಲ್ವಾ?

ಆ ಕಾಗದ ಒಂದನ್ನೇ ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರೆ ಕೆಲಸ ಆಗುವುದಿಲ್ಲ. ಇಲ್ಲಿಯ ಸ್ಥಿರಾಸ್ತಿಯ ಹಕ್ಕನ್ನು ತೀರ್ಮಾನಿಸುವುದು ಇಲ್ಲಿಯ ಕೋರ್ಟು. ಆ ಆದೇಶದ ಬಲದ ಮೇಲೆ ಅವರಿಂದ ಅಧಿಕಾರ ಪತ್ರ, ರಿಲೀಸ್ ಡೀಡ್ ಬರೆಸಿಕೊಳ್ಳುವುದು ಹತ್ತಿರದ ದಾರಿ.

ನನ್ನ ಮಗಳ ಹತ್ತಿರ ವಕೀಲರಿಗೆ ಕೊಡೋಕೆ ದುಡ್ಡಿಲ್ಲ.

ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ಜಿಲ್ಲಾ ಕೋರ್ಟಿನ ಆವರಣದಲ್ಲಿ ಪ್ರಾಧಿಕಾರದ ಕಚೇರಿ ಇರುತ್ತದೆ, ತಾಲ್ಲೂಕುಗಳಲ್ಲೂ ಸಮಿತಿ ಇದೆ. ಸಹಾಯವಾಣಿ 15100. ಕೇಳಲು ಸಂಕೋಚ ಬೇಡ, ಇದು ದಾನ ಅಲ್ಲ, ನಿಮ್ಮ ಹಕ್ಕು.

ಅರ್ಜಿ ಕೊಟ್ಟು ತಿಂಗಳುಗಳೇ ಆದ್ವು. ಬ್ಯಾಂಕಿನವರು ಉತ್ತರಾನೇ ಕೊಡಲ್ಲ.

ಬ್ಯಾಂಕಿನ ದೂರು ವಿಭಾಗಕ್ಕೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕ ಇಲ್ಲ. ಸಾಲ ಕೊಡಲ್ಲ ಅನ್ನುವ ತೀರ್ಮಾನವನ್ನು ಅವರು ಬದಲಿಸುವುದು ಅಪರೂಪ. ಆದರೆ ಉತ್ತರ ಕೊಡದೆ ಸತಾಯಿಸುವುದಕ್ಕೆ, ಪತ್ರ ಹಿಡಿದಿಟ್ಟುಕೊಳ್ಳುವುದಕ್ಕೆ ಅದು ಸರಿಯಾದ ಜಾಗ.

ಅಂತೂ ಹೆಸರು ಹೋಯ್ತು. ಇನ್ನೇನಾದ್ರೂ ಬಾಕಿ ಇದೆಯಾ?

ಇದೆ. ಹೊಸ ಇಸಿ ತೆಗೆಸಿ, ರಿಲೀಸ್ ಡೀಡ್ ಅಥವಾ ಡಿಕ್ರಿ ಮತ್ತು ಹೊಸ ಅಡಮಾನ ಅದರಲ್ಲಿ ಬಂದಿದೆಯಾ ನೋಡಿ. ಖಾತಾ ನಿಮ್ಮೊಬ್ಬರ ಹೆಸರಿಗೆ ಬದಲಿಸಿ. ವಿದ್ಯುತ್ ಮೀಟರ್, ಅಪಾರ್ಟ್‌ಮೆಂಟ್ ಸಂಘದ ದಾಖಲೆ, ಮನೆಯ ವಿಮೆ, ಎಲ್ಲ ಕಡೆ ಹೆಸರು ತಿದ್ದಿಸಿ. ಕೆಲವು ತಿಂಗಳಾದ ಮೇಲೆ ಸಿಬಿಲ್ ವರದಿ ತೆಗೆದು, ಹಳೆಯ ಜಂಟಿ ಸಾಲ ಮುಗಿದಿದೆ ಅಂತ ತೋರಿಸುತ್ತಿದೆಯಾ ಪರೀಕ್ಷಿಸಿ. ಪಿಎಫ್, ಬ್ಯಾಂಕ್ ಖಾತೆ, ಎಲ್‌ಐಸಿ ಪಾಲಿಸಿಗಳಲ್ಲಿ ಇನ್ನೂ ಅವರೇ ನಾಮಿನಿ ಆಗಿರುತ್ತಾರೆ, ಅದನ್ನೂ ಬದಲಿಸಿ. ಮನೆಯ ಬಗ್ಗೆ ಒಂದು ಉಯಿಲು ಬರೆದಿಡಿ.